ಚಿನ್ನಕ್ಕೆ ಹಣದ ಪಟ್ಟ: ಅಮೆರಿಕದ ರಾಜ್ಯಗಳು ಕೊಟ್ಟಿದ್ದೇನು, ಕೊಡದೆ ಬಿಟ್ಟಿದ್ದೇನು?

ಅಮೆರಿಕದ ಟೆಕ್ಸಾಸ್ ರಾಜ್ಯ ಚಿನ್ನ, ಬೆಳ್ಳಿಗೆ ಹಣದ ಸ್ಥಾನ ಕೊಡುವ ಕಾನೂನು ಮಾಡಿದೆ. ಗವರ್ನರ್ ಗ್ರೆಗ್ ಅಬಾಟ್ 2025ರ ಜೂನ್‌ನಲ್ಲಿ ಅದಕ್ಕೆ ಸಹಿ ಹಾಕಿದರು. ರಾಜ್ಯ ಸರ್ಕಾರದ ಭಂಡಾರದಲ್ಲಿ ಇಟ್ಟ ಚಿನ್ನ, ಬೆಳ್ಳಿಯನ್ನು ಜನ 2027ರ ಮೇ ತಿಂಗಳಿಂದ ಹಣದಂತೆ ಖರ್ಚು ಮಾಡಬಹುದು ಎಂಬುದು ಅದರ ತಿರುಳು. ಅದಕ್ಕೆ ಒಂದು ತಿಂಗಳು ಮುಂಚೆ ಫ್ಲಾರಿಡಾದ ಗವರ್ನರ್ ರಾನ್ ಡಿಸಾಂಟಿಸ್ ಕೂಡ ಇಂಥದ್ದೇ ಕಾನೂನಿಗೆ ಒಪ್ಪಿಗೆ ಕೊಟ್ಟಿದ್ದರು. ಈ ಸರಣಿಗೆ ನಾಂದಿ ಹಾಡಿದ್ದು ಯೂಟಾ, 2011ರಲ್ಲಿ. ಆಮೇಲೆ 2014ರಲ್ಲಿ ಒಕ್ಲಹೋಮ, 2018ರಲ್ಲಿ ವಯೋಮಿಂಗ್, 2023ರಲ್ಲಿ ಅರ್ಕಾನ್ಸಾ, 2024ರಲ್ಲಿ ಲೂಸಿಯಾನ ಅದೇ ಹಾದಿ ಹಿಡಿದವು.

ಈ ಸುದ್ದಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರ ರೂಪವೇ ಬದಲಾಗಿರುತ್ತದೆ. ‘ಅಮೆರಿಕ ಡಾಲರ್ ಕೈಬಿಟ್ಟು ಚಿನ್ನಕ್ಕೆ ಮರಳುತ್ತಿದೆ’ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯುತ್ತದೆ. ಅದನ್ನು ನಂಬಿ ಕೂಡಿಟ್ಟ ದುಡ್ಡನ್ನೆಲ್ಲ ಚಿನ್ನಕ್ಕೆ ಸುರಿಯುವವರೂ ಇರುತ್ತಾರೆ. ಆದ್ದರಿಂದ ಈ ಕಾನೂನುಗಳ ಒಳಗೆ ಏನಿದೆ ಎಂಬುದನ್ನು ಬಿಡಿಸಿ ನೋಡಬೇಕು. ನೋಡಿದರೆ ಕಾಣುವುದು ಇಷ್ಟು: ಈ ರಾಜ್ಯಗಳು ಚಿನ್ನಕ್ಕೆ ಹಣದ ಪಟ್ಟ ಕಟ್ಟಿವೆ, ಆದರೆ ಹಣಕ್ಕೆ ಇರಬೇಕಾದ ಅಧಿಕಾರ ಕೊಟ್ಟಿಲ್ಲ.

ಹಣಕ್ಕೆ ಕಾನೂನಿನ ಬಲ ಬರುವುದು ಎಲ್ಲಿಂದ?

ನಮ್ಮ ಊರುಗಳಲ್ಲಿ 10 ರೂಪಾಯಿ ನಾಣ್ಯವನ್ನು ಅಂಗಡಿಯವರು, ಬಸ್ ಕಂಡಕ್ಟರ್‌ಗಳು ಬೇಡವೆನ್ನುತ್ತಿದ್ದ ಕಾಲ ಅನೇಕರಿಗೆ ನೆನಪಿರಬಹುದು. ಆಗ ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಿಕೆ ಹೊರಡಿಸಿ, ಅದುವರೆಗೆ ಬಂದ 14 ವಿನ್ಯಾಸಗಳ 10 ರೂಪಾಯಿ ನಾಣ್ಯಗಳೂ ಕಾನೂನುಮಾನ್ಯ ಎಂದು ಸ್ಪಷ್ಟಪಡಿಸಬೇಕಾಯಿತು. ಕಾನೂನುಮಾನ್ಯ ಹಣ ಎಂಬುದರ ನಿಜವಾದ ತೂಕ ತಿಳಿಯುವುದು ಸಾಲದ ಲೆಕ್ಕ ಚುಕ್ತಾ ಮಾಡುವಾಗ. ಸಾಲ ತೀರಿಸಬೇಕಾದವನು ಅಂಥ ಹಣವನ್ನು ಸಾಲ ಕೊಟ್ಟವನ ಮುಂದಿಟ್ಟರೆ ‘ಇದು ನನಗೆ ಬೇಡ, ಬೇರೆ ಕೊಡು’ ಎಂದು ಆತ ಹೇಳುವಂತಿಲ್ಲ. ಹೇಳಿ ನ್ಯಾಯಾಲಯಕ್ಕೆ ಹೋದರೂ, ಹಣ ಮುಂದಿಟ್ಟವನನ್ನು ಬಾಕಿ ಉಳಿಸಿಕೊಂಡವನೆಂದು ದೂರಲಾಗದು. ಅಂದರೆ ಹಣಕ್ಕೆ ಕಾನೂನು ಕೊಡುವ ಬಲ ಎಂದರೆ, ಎದುರಿನವನು ಅದನ್ನು ತಳ್ಳಿಹಾಕದಂತೆ ಮಾಡುವ ಬಲ.

ಈಗ ಯೂಟಾದ 2011ರ ಕಾನೂನನ್ನು ನೋಡಿ. ಕೇಂದ್ರ ಸರ್ಕಾರ ಹೊರಡಿಸಿದ ಚಿನ್ನ, ಬೆಳ್ಳಿ ನಾಣ್ಯಗಳು ರಾಜ್ಯದಲ್ಲಿ ಕಾನೂನುಮಾನ್ಯ ಹಣ ಎಂದು ಅದು ಸಾರುತ್ತದೆ. ಅದರ ಬೆನ್ನಿಗೇ ಮತ್ತೊಂದು ಮಾತು ಸೇರಿಸುತ್ತದೆ: ಈ ನಾಣ್ಯಗಳನ್ನು ಕೊಡುವಂತೆಯಾಗಲಿ ತೆಗೆದುಕೊಳ್ಳುವಂತೆಯಾಗಲಿ ಯಾರನ್ನೂ ಬಲವಂತ ಮಾಡುವಂತಿಲ್ಲ. ಉಳಿದ ರಾಜ್ಯಗಳ ಕಾನೂನುಗಳೂ ಹೆಚ್ಚುಕಡಿಮೆ ಹೀಗೆಯೇ ಇವೆ. ಎದುರಿನವನು ಒಪ್ಪಿದರೆ ಮಾತ್ರ ಚಿನ್ನ ನಡೆಯುತ್ತದೆ, ಒಪ್ಪದಿದ್ದರೆ ಇಲ್ಲ. ಇಬ್ಬರೂ ಒಪ್ಪಿ ಚಿನ್ನದಲ್ಲಿ ವ್ಯವಹರಿಸುವುದಕ್ಕೆ ಈ ಕಾನೂನು ಬರುವ ಮೊದಲೂ ಅಡ್ಡಿ ಇರಲಿಲ್ಲ. ಒಂದು ಗಾಡಿಗೆ ಬದಲಾಗಿ ಚಿನ್ನದ ನಾಣ್ಯ ಕೊಡುತ್ತೇನೆ ಎಂದರೆ, ಮಾರುವವನಿಗೆ ಸಮ್ಮತವಿದ್ದರೆ, ವ್ಯವಹಾರ ಮುಗಿಯಿತು.

ಕಾನೂನು ಬರೆದವರು ಈ ಬಲವಂತವನ್ನು ಮರೆತು ಬಿಟ್ಟವರಲ್ಲ. ಕಡ್ಡಾಯ ಮಾಡಿದರೆ ಪ್ರತಿ ಅಂಗಡಿಯೂ ತಕ್ಕಡಿ, ಶುದ್ಧತೆ ಪರೀಕ್ಷೆಯ ಯಂತ್ರ ಇಟ್ಟುಕೊಳ್ಳಬೇಕಾಗುತ್ತದೆ. ಆ ಕ್ಷಣದ ದರ ಯಾವುದು ಎಂಬ ಜಗಳ ದಿನಕ್ಕೆ ನೂರಾಗುತ್ತದೆ. ಅಂಥ ಕಾನೂನು ಒಂದು ವಾರವೂ ನಿಲ್ಲದು.

1786ರ ಕಹಿ ನೆನಪು

ಹಾಗಾದರೆ ರಾಜ್ಯಗಳು ಚಿನ್ನ, ಬೆಳ್ಳಿಯನ್ನೇ ಏಕೆ ಹಿಡಿದುಕೊಂಡಿವೆ? ಉತ್ತರ ಇರುವುದು ಅಮೆರಿಕದ ಸಂವಿಧಾನದಲ್ಲಿ. ಅದರ 1ನೇ ವಿಧಿಯ 10ನೇ ಸೆಕ್ಷನ್ ರಾಜ್ಯಗಳ ಕೈಕಟ್ಟುತ್ತದೆ. ರಾಜ್ಯಗಳು ನಾಣ್ಯ ಟಂಕಿಸುವಂತಿಲ್ಲ, ಸಾಲಪತ್ರದ ಹಣ ಹೊರಡಿಸುವಂತಿಲ್ಲ, ಚಿನ್ನ ಮತ್ತು ಬೆಳ್ಳಿ ನಾಣ್ಯವನ್ನು ಬಿಟ್ಟು ಬೇರೆ ಯಾವುದನ್ನೂ ಸಾಲ ತೀರುವಳಿಯ ಹಣವಾಗಿ ಮಾಡುವಂತಿಲ್ಲ. ನಾಣ್ಯ ಹೊರಡಿಸುವ, ಅದರ ಮೌಲ್ಯ ಗೊತ್ತುಪಡಿಸುವ ಅಧಿಕಾರ 8ನೇ ಸೆಕ್ಷನ್ ಪ್ರಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದು.

ಈ ನಿರ್ಬಂಧದ ಹಿಂದೆ ಬೆಂದವರ ಅನುಭವವಿದೆ. ಬ್ರಿಟನ್ ವಿರುದ್ಧದ ಯುದ್ಧಕ್ಕೆ ದುಡ್ಡು ಹೊಂದಿಸಲು ಅಂದಿನ ಕಾಂಗ್ರೆಸ್ ಅಳತೆ ಮೀರಿ ಕಾಗದದ ಹಣ ಅಚ್ಚು ಹಾಕಿ, ಅದು ಕವಡೆ ಕಿಮ್ಮತ್ತಿಗೂ ಬಾರದಂತಾಗಿತ್ತು. ಯುದ್ಧ ಮುಗಿದ ಮೇಲೆ ರೈತರು ಸಾಲದಲ್ಲಿ ಮುಳುಗಿದ್ದರು. ಮ್ಯಾಸಚೂಸೆಟ್ಸ್‌ನಲ್ಲಿ ಡೇನಿಯಲ್ ಶೇಸ್ ಎಂಬ ಮಾಜಿ ಸೈನಿಕನ ಹೆಸರಿನಲ್ಲಿ ಸಾಲಬಾಧಿತ ರೈತರ ದಂಗೆಯೇ ಎದ್ದಿತು. ನೆರೆಯ ರೋಡ್ ಐಲೆಂಡ್ ಬೇರೆ ದಾರಿ ಹಿಡಿಯಿತು. 1786ರಲ್ಲಿ ಅದು 1 ಲಕ್ಷ ಪೌಂಡ್ ಮೌಲ್ಯದ ಕಾಗದದ ಹಣ ಹೊರಡಿಸಿ, ತೆಗೆದುಕೊಳ್ಳಲು ಒಪ್ಪದವರಿಗೆ ದಂಡ ವಿಧಿಸುವ ಕಾನೂನು ಮಾಡಿತು. ನ್ಯೂಪೋರ್ಟ್‌ನ ಮಾಂಸದ ವ್ಯಾಪಾರಿ ಜಾನ್ ವೀಡನ್ ಈ ಕಾಗದವನ್ನು ಮುಖಬೆಲೆಗೆ ತೆಗೆದುಕೊಳ್ಳಲಿಲ್ಲ. ಗಿರಾಕಿ ಜಾನ್ ಟ್ರೆವೆಟ್ ದೂರು ಕೊಟ್ಟ. ಜ್ಯೂರಿ ಇಲ್ಲದೆ ವಿಚಾರಣೆ ನಡೆಸಲು ಕಾನೂನಿನಲ್ಲಿ ಅವಕಾಶವಿತ್ತು. ನ್ಯಾಯಾಧೀಶರು ಪ್ರಕರಣ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಬಿಟ್ಟರು. ಸಿಟ್ಟಿಗೆದ್ದ ಶಾಸನಸಭೆ ನ್ಯಾಯಾಧೀಶರನ್ನೇ ಕರೆಸಿ ವಿವರಣೆ ಕೇಳಿತು.

ಇದೆಲ್ಲ ನಡೆದ ಮರುವರ್ಷವೇ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚನಾ ಸಭೆ ಸೇರಿತು. ರೋಡ್ ಐಲೆಂಡ್ ತನ್ನ ಪ್ರತಿನಿಧಿಗಳನ್ನು ಕಳಿಸಲೇ ಇಲ್ಲ. ಸೇರಿದವರಲ್ಲಿ ಅನೇಕರಿಗೆ ಕಾಗದದ ಹಣವೆಂದರೆ ಭಯ. ಕನೆಕ್ಟಿಕಟ್‌ನ ರೋಜರ್ ಶೆರ್ಮನ್, ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಪಟ್ಟು ಹಿಡಿದು ರಾಜ್ಯಗಳ ಮೇಲಿನ ಈ ನಿಷೇಧವನ್ನು ಬಿಗಿಗೊಳಿಸಿದರು. ಈ ವಾಕ್ಯ ಸಾಲ ಕೊಟ್ಟವರ ರಕ್ಷಣೆಗೆ ಬಂದದ್ದು ಎಂಬುದನ್ನು ನೆನಪಿಡಬೇಕು. ಬೆಲೆಯಿಲ್ಲದ ಕಾಗದದಲ್ಲಿ ಸಾಲ ತೀರಿಸುವ ಹಾದಿಯನ್ನು ಅದು ಮುಚ್ಚಿತು.

ಇವತ್ತಿನ ಚಿನ್ನದ ಪ್ರತಿಪಾದಕರು ಈ ವಾಕ್ಯವನ್ನೇ ಆಧಾರ ಮಾಡಿಕೊಂಡಿದ್ದಾರೆ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ರಾಜ್ಯಗಳು ಚಿನ್ನ, ಬೆಳ್ಳಿ ನಾಣ್ಯವನ್ನು ಮಾನ್ಯ ಮಾಡುವುದಕ್ಕೆ ಸಂವಿಧಾನ ಬಾಗಿಲು ಮುಚ್ಚಿಲ್ಲ. ಆದರೆ ಮಾನ್ಯ ಮಾಡಲೇಬೇಕು ಎಂದೂ ಅದು ಹೇಳುವುದಿಲ್ಲ. ಕಾಂಗ್ರೆಸ್ ಹೊರಡಿಸಿದ ಕಾಗದದ ಡಾಲರ್ ಅಸಾಂವಿಧಾನಿಕ ಎಂಬುದಂತೂ ಅದರಿಂದ ಹೊರಡುವ ತೀರ್ಮಾನವೇ ಅಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಸಂವಿಧಾನ ಹೇಳುವುದು ನಾಣ್ಯದ ಬಗ್ಗೆ. ಭಂಡಾರದಲ್ಲಿ ಮಲಗಿರುವ ಗಟ್ಟಿ, ಅದರ ಲೆಕ್ಕವಾಗಿ ಖಾತೆಯಲ್ಲಿ ಕಾಣುವ ಅಂಕಿ ನಾಣ್ಯವಾಗುತ್ತದೆಯೇ ಎಂಬ ಪ್ರಶ್ನೆ ಟೆಕ್ಸಾಸ್ ಕಾನೂನಿನ ಮುಂದೆ ಇದ್ದೇ ಇದೆ.

ನ್ಯಾಯಾಲಯ, ಸರ್ಕಾರ ಮತ್ತು ಚಿನ್ನ

1792ರ ಟಂಕಸಾಲೆ ಕಾನೂನು ಡಾಲರನ್ನು ಲೋಹದ ತೂಕದಲ್ಲೇ ಕಟ್ಟಿಹಾಕಿತ್ತು. ಒಂದು ಡಾಲರ್ ಎಂದರೆ 371.25 ಗ್ರೇನ್ ಶುದ್ಧ ಬೆಳ್ಳಿ. 15 ತೂಕದ ಬೆಳ್ಳಿಗೆ 1 ತೂಕದ ಚಿನ್ನ ಸಮ. ಅಂತರ್ಯುದ್ಧ ಈ ಕಟ್ಟನ್ನು ಬಿಚ್ಚಿತು. 1862ರಲ್ಲಿ ಯುದ್ಧದ ಖರ್ಚಿಗೆಂದು ಕಾಂಗ್ರೆಸ್ ಹಸಿರು ಬೆನ್ನಿನ ನೋಟುಗಳನ್ನು ಹೊರಡಿಸಿ, ಸಾಲ ತೀರುವಳಿಗೆ ಅವನ್ನು ಒಪ್ಪಲೇಬೇಕು ಎಂದಿತು. ಆಗ ಖಜಾನೆ ಕಾರ್ಯದರ್ಶಿಯಾಗಿದ್ದವರು ಸ್ಯಾಲ್ಮನ್ ಚೇಸ್. ಮುಂದೆ ಅವರೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. 1870ರಲ್ಲಿ ಹೆಪ್‌ಬರ್ನ್ ಪ್ರಕರಣದಲ್ಲಿ, ಹಳೆಯ ಸಾಲಗಳಿಗೆ ಈ ನೋಟನ್ನು ಹೇರುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತರು. ತಾವು ಹೊರಡಿಸಿದ ನೋಟನ್ನು ತಾವೇ ತಿರಸ್ಕರಿಸಿದಂತಾಯಿತು. ಆದರೆ ಆ ತೀರ್ಪು ಬಹುಕಾಲ ಬಾಳಲಿಲ್ಲ. ಇಬ್ಬರು ಹೊಸ ನ್ಯಾಯಮೂರ್ತಿಗಳು ಬಂದ ಮೇಲೆ, 1871ರ ನಾಕ್ಸ್ ಪ್ರಕರಣದಲ್ಲಿ ಕೋರ್ಟ್ ಅದನ್ನು 5–4ರ ಬಹುಮತದಿಂದ ತಳ್ಳಿಹಾಕಿತು. 1884ರ ಜೂಲಿಯರ್ಡ್ ಪ್ರಕರಣದಲ್ಲಿ, ಯುದ್ಧವಿಲ್ಲದ ಕಾಲದಲ್ಲೂ ಕಾಂಗ್ರೆಸ್ಸಿಗೆ ಈ ಅಧಿಕಾರವಿದೆ ಎಂದು ಖಚಿತಪಡಿಸಿತು. ಕಾಗದದ ಡಾಲರ್ ನಿಂತಿರುವ ಕಾನೂನಿನ ನೆಲ ಇದು.

ಚಿನ್ನ ಹಿಡಿದವರಿಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು 1933ರಲ್ಲಿ. ಮಹಾ ಆರ್ಥಿಕ ಕುಸಿತದ ನಡುವೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಏಪ್ರಿಲ್ 5ರಂದು ಆದೇಶ ಹೊರಡಿಸಿ, ಆಭರಣ, ಅಪರೂಪದ ನಾಣ್ಯ ಮತ್ತು ಸ್ವಲ್ಪ ಮೊತ್ತಕ್ಕೆ ವಿನಾಯಿತಿ ಕೊಟ್ಟು, ಉಳಿದ ಚಿನ್ನವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸುವಂತೆ ಜನರಿಗೆ ಹೇಳಿದರು. ಅದಕ್ಕೆ ಸಿಕ್ಕಿದ್ದು ಔನ್ಸ್‌ಗೆ 20.67 ಡಾಲರ್. ಮುಂದಿನ ಜನವರಿಯಲ್ಲಿ ಸರ್ಕಾರವೇ ಆ ದರವನ್ನು 35 ಡಾಲರಿಗೆ ಏರಿಸಿತು. ಸಾಲವನ್ನು ಚಿನ್ನದಲ್ಲೇ ತೀರಿಸಬೇಕು ಎಂದು ಪತ್ರಗಳಲ್ಲಿ ಬರೆದುಕೊಂಡಿದ್ದ ಷರತ್ತುಗಳನ್ನು ಕಾಂಗ್ರೆಸ್ ರದ್ದು ಮಾಡಿತು. 1935ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದಕ್ಕೆ ತಡೆಯೊಡ್ಡದೆ ಬಿಟ್ಟಿತು. ಅಮೆರಿಕನ್ನರು ಚಿನ್ನದ ಗಟ್ಟಿ ಇಟ್ಟುಕೊಳ್ಳುವ ಹಕ್ಕು ಮರಳಿ ಬಂದದ್ದು 1974ರ ಡಿಸೆಂಬರ್ 31ಕ್ಕೆ. ಚಿನ್ನದ ಷರತ್ತಿನ ಹೊಸ ಕರಾರುಗಳಿಗೆ 1977ರಲ್ಲಿ ಅವಕಾಶವಾಯಿತು. ಅಷ್ಟರಲ್ಲಿ, 1971ರ ಆಗಸ್ಟ್ 15ರಂದು, ವಿದೇಶಿ ಸರ್ಕಾರಗಳಿಗೆ ಡಾಲರ್ ಬದಲು ಚಿನ್ನ ಕೊಡುವುದನ್ನೂ ಅಧ್ಯಕ್ಷ ರಿಚರ್ಡ್ ನಿಕ್ಸನ್ ನಿಲ್ಲಿಸಿದ್ದರು.

ರಾಜ್ಯದ ಕಾನೂನು ಚಿನ್ನಕ್ಕೆ ಕೋಟೆ ಕಟ್ಟುತ್ತದೆ ಎಂದು ನಂಬುವವರು ಈ ನಾಲ್ಕು ದಶಕಗಳ ಕಥೆಯನ್ನು ಓದಬೇಕು. ಬಿಕ್ಕಟ್ಟು ಬಂದಾಗ ಕೇಂದ್ರ ಸರ್ಕಾರ ಕೈಹಾಕಿದರೆ ರಾಜ್ಯದ ಕಾನೂನು ಅಡ್ಡ ನಿಲ್ಲಲಾರದು.

50 ಡಾಲರ್ ಮುದ್ರೆ, 4,000 ಡಾಲರ್ ಬೆಲೆ

ಅಚ್ಚರಿಯ ಸಂಗತಿಯೆಂದರೆ, ಅಮೆರಿಕದಲ್ಲಿ ಚಿನ್ನದ ನಾಣ್ಯ ಕೇಂದ್ರದ ಕಾನೂನಿನಲ್ಲೇ ಹಣ. 1985ರ ಕಾನೂನಿನಂತೆ 1986ರಿಂದ ಅಲ್ಲಿನ ಟಂಕಸಾಲೆ ‘ಅಮೆರಿಕನ್ ಈಗಲ್’ ಎಂಬ ಚಿನ್ನದ ನಾಣ್ಯ ಹೊರಡಿಸುತ್ತಿದೆ. ಒಂದು ಔನ್ಸ್, ಅಂದರೆ 31.1 ಗ್ರಾಂ ಚಿನ್ನವಿರುವ ನಾಣ್ಯದ ಮೇಲೆ 50 ಡಾಲರ್ ಎಂಬ ಮುದ್ರೆ ಇದೆ. ಒಂದು ಔನ್ಸ್ ಬೆಳ್ಳಿ ನಾಣ್ಯದ ಮುಖಬೆಲೆ 1 ಡಾಲರ್. ಯಾರಾದರೂ 50 ಡಾಲರ್ ಸಾಲಕ್ಕೆ ಚಿನ್ನದ ಈಗಲ್ ಕೊಡಬಹುದು, ಕಾನೂನು ಬೇಡವೆನ್ನದು. ಆದರೆ 2025ರ ಅಕ್ಟೋಬರ್‌ನಲ್ಲಿ ಔನ್ಸ್ ಚಿನ್ನದ ದರ 4,000 ಡಾಲರ್ ದಾಟಿತು. ಆ ನಾಣ್ಯವನ್ನು 50 ಡಾಲರಿಗೆ ಯಾರು ಕೊಟ್ಟಾರು?

ಅಗ್ಗದ ಹಣ ಮತ್ತು ದುಬಾರಿ ಹಣ ಒಟ್ಟಿಗೆ ಚಲಾವಣೆಯಲ್ಲಿದ್ದರೆ ಜನ ದುಬಾರಿಯದನ್ನು ಪೆಟ್ಟಿಗೆಯಲ್ಲಿಟ್ಟು ಅಗ್ಗದ್ದನ್ನು ಖರ್ಚು ಮಾಡುತ್ತಾರೆ. ಅರ್ಥಶಾಸ್ತ್ರ ಇದನ್ನು ಗ್ರೆಶಮ್ ನಿಯಮ ಎನ್ನುತ್ತದೆ. ಅಮೆರಿಕದಲ್ಲಿ ಇದು ಕಣ್ಣೆದುರೇ ನಡೆದಿದೆ. 1964ರವರೆಗೆ ಅಲ್ಲಿನ 10 ಮತ್ತು 25 ಸೆಂಟ್ ನಾಣ್ಯಗಳಲ್ಲಿ ಶೇ 90 ಬೆಳ್ಳಿ ಇತ್ತು. 1965ರ ಕಾನೂನು ಅವುಗಳಿಂದ ಬೆಳ್ಳಿಯನ್ನು ತೆಗೆಯಿತು. ಕೆಲವೇ ವರ್ಷಗಳಲ್ಲಿ ಹಳೆಯ ಬೆಳ್ಳಿ ನಾಣ್ಯಗಳು ಬೀದಿಯಿಂದ ಮಾಯವಾಗಿ ಮನೆಗಳ ಡಬ್ಬಿ ಸೇರಿದವು. ಚಿನ್ನವನ್ನು ಹಣ ಎಂದು ಕರೆದರೂ ಅದು ಸಂತೆಗೆ ಬರುವುದಿಲ್ಲ, ಡಾಲರ್ ಎಂಬ ಅಗ್ಗದ ಹಣ ಕೈಯಲ್ಲಿರುವಾಗ ಅದು ತಿಜೋರಿಯಲ್ಲೇ ಉಳಿಯುತ್ತದೆ.

ಮುಖಬೆಲೆ ಮತ್ತು ಮಾರುಕಟ್ಟೆ ಬೆಲೆಯ ನಡುವಿನ ಈ ಕಂದರದಲ್ಲಿ ಬಿದ್ದವರೂ ಇದ್ದಾರೆ. ಲಾಸ್ ವೇಗಸ್‌ನ ಗುತ್ತಿಗೆದಾರರೊಬ್ಬರು ಕೆಲಸಗಾರರಿಗೆ ಚಿನ್ನ, ಬೆಳ್ಳಿ ನಾಣ್ಯಗಳಲ್ಲಿ ಕೂಲಿ ಕೊಟ್ಟು, ತೆರಿಗೆಗೆ ಮಾತ್ರ ಮುಖಬೆಲೆಯ ಲೆಕ್ಕ ಹಿಡಿದರು. ನಾಣ್ಯ ಕಾನೂನುಮಾನ್ಯವಾದ್ದರಿಂದ ಅದರ ಮೇಲೆ ಬರೆದ ಮೊತ್ತವೇ ಆದಾಯ ಎಂಬುದು ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ. 2009ರಲ್ಲಿ ತೆರಿಗೆ ಅಪರಾಧಗಳಿಗಾಗಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಗಿ ದೀರ್ಘ ಜೈಲು ಶಿಕ್ಷೆಯಾಯಿತು. ಚಿನ್ನದ ನಾಣ್ಯ ಕೊಟ್ಟುಕೊಳ್ಳುವವರ ವಿಷಯದಲ್ಲಿ ಕೇಂದ್ರ ತೆರಿಗೆ ಇಲಾಖೆ ನೋಡುವುದು ಮಾರುಕಟ್ಟೆಯ ಬೆಲೆಯನ್ನು.

ಲಾಭ ಎಲ್ಲಿದೆ, ಯಾರಿಗೆ?

ಕಾನೂನುಗಳು ನಿಜಕ್ಕೂ ಬದಲಿಸುವುದು ರಾಜ್ಯದ ತೆರಿಗೆಯನ್ನು. ಯೂಟಾ ತನ್ನ ಪಾಲಿನ ಬಂಡವಾಳ ಗಳಿಕೆ ತೆರಿಗೆ ಮತ್ತು ಮಾರಾಟ ತೆರಿಗೆಯಿಂದ ಈ ನಾಣ್ಯಗಳಿಗೆ ವಿನಾಯಿತಿ ಕೊಟ್ಟಿತು. ಅರಿಜೋನಾದಲ್ಲಿ ಇಂಥ ಮಸೂದೆಗಳನ್ನು ಗವರ್ನರ್‌ಗಳು ಮತ್ತೆ ಮತ್ತೆ ತಿರಸ್ಕರಿಸಿ, ಕೊನೆಗೆ 2017ರಲ್ಲಿ ಬಂಡವಾಳ ಗಳಿಕೆ ವಿನಾಯಿತಿಗೆ ಸಹಿ ಬಿತ್ತು. ‘ಹಣಕ್ಕೆ ಹಣ ಬದಲಿಸಿಕೊಂಡರೆ ತೆರಿಗೆ ಯಾಕೆ?’ ಎಂಬುದು ಬೆಂಬಲಿಗರ ತರ್ಕ.

ಆದರೆ ಟೆಕ್ಸಾಸ್, ಫ್ಲಾರಿಡಾ, ವಯೋಮಿಂಗ್ ರಾಜ್ಯಗಳಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ. ಅಲ್ಲಿ ಬಂಡವಾಳ ಗಳಿಕೆಗೆ ರಾಜ್ಯದ ವಿನಾಯಿತಿ ಎಂದರೆ ಇಲ್ಲದ ತೆರಿಗೆಗೆ ವಿನಾಯಿತಿ. ಟೆಕ್ಸಾಸ್‌ನಲ್ಲಿ ಗಟ್ಟಿ ಚಿನ್ನದ ಮೇಲಿನ ಮಾರಾಟ ತೆರಿಗೆ 2013ರಲ್ಲೇ ಹೋಗಿತ್ತು. ಭಾರವಾಗಿರುವುದು ಕೇಂದ್ರದ ತೆರಿಗೆ. ಅಮೆರಿಕದ ಆದಾಯ ತೆರಿಗೆ ಕಾನೂನು ಚಿನ್ನವನ್ನು ಸಂಗ್ರಹ ಯೋಗ್ಯ ವಸ್ತುಗಳ ಪಟ್ಟಿಗೆ ಸೇರಿಸಿದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೂ ಲಾಭದ ಮೇಲೆ ಶೇ 28ರವರೆಗೆ ತೆರಿಗೆ ಬೀಳಬಹುದು. ಷೇರುಗಳ ದೀರ್ಘಾವಧಿ ಲಾಭಕ್ಕೆ ಇರುವ ಗರಿಷ್ಠ ದರ ಶೇ 20. ಚಿನ್ನ ಕೊಟ್ಟು ದಿನಸಿ ಕೊಂಡರೆ ಅದೂ ಚಿನ್ನ ಮಾರಿದಂತೆಯೇ, ಕೊಂಡಾಗಿನ ದರಕ್ಕೂ ಈಗಿನ ದರಕ್ಕೂ ಇರುವ ಅಂತರದ ಲೆಕ್ಕ ಇಡಬೇಕು. ರಾಜ್ಯದ ಶಾಸನಸಭೆ ಇದನ್ನು ಮುಟ್ಟಲಾರದು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಈ ಮಾತನ್ನು ಗಮನಿಸಬೇಕು. ಊರಿನಿಂದ ಒಯ್ದ ಸರ, ಬಳೆಗಳು ಹೊಸ ಕಾನೂನಿನಿಂದ ಹಣವಾಗುವುದಿಲ್ಲ, ಅದು ಹೇಳುತ್ತಿರುವುದು ನಾಣ್ಯ ಮತ್ತು ಭಂಡಾರದಲ್ಲಿಟ್ಟ ಗಟ್ಟಿಯ ವಿಷಯ. ಚಿನ್ನ ಮಾರಿ ಬಂದ ಲಾಭಕ್ಕೆ ಕೇಂದ್ರ ತೆರಿಗೆಯ ಹೊಣೆ ಹಿಂದಿನಂತೆಯೇ ಇರುತ್ತದೆ.

ಟೆಕ್ಸಾಸ್‌ನ ಯೋಜನೆಗೆ ಒಂದು ಬೇರೆ ಹಿನ್ನೆಲೆಯೂ ಇದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ನಿಧಿ 2011ರಲ್ಲಿ ಸುಮಾರು 100 ಕೋಟಿ ಡಾಲರ್ ಬೆಲೆಯ ಚಿನ್ನದ ಗಟ್ಟಿಗಳನ್ನು ನ್ಯೂಯಾರ್ಕ್‌ನಲ್ಲಿ ಇರಿಸಿತ್ತು. ತಮ್ಮ ಚಿನ್ನ ತಮ್ಮ ನೆಲದಲ್ಲೇ ಇರಲಿ ಎಂಬ ಒತ್ತಾಸೆಯಿಂದ 2015ರಲ್ಲಿ ರಾಜ್ಯ ಭಂಡಾರದ ಕಾನೂನು ಬಂತು. 2018ರಲ್ಲಿ ಭಂಡಾರ ತೆರೆಯಿತು. ಅದು ಆಸ್ಟಿನ್ ಸಮೀಪದ ಲಿಯಾಂಡರ್‌ನಲ್ಲಿದೆ. ಭಂಡಾರದಲ್ಲಿ ಚಿನ್ನ ಇಟ್ಟು, ಡೆಬಿಟ್ ಕಾರ್ಡಿನಂತೆ ಅಂಗಡಿಯಲ್ಲಿ ಬಳಸುವುದು ಹೊಸ ಕಾನೂನಿನ ಬೆಂಬಲಿಗರು ಮುಂದಿಟ್ಟಿರುವ ಚಿತ್ರ. ಅಂಥ ವ್ಯವಸ್ಥೆಯಲ್ಲೂ ಹಾಲು, ಬ್ರೆಡ್ಡಿನ ಬೆಲೆಚೀಟಿ ಡಾಲರಿನಲ್ಲೇ ಇರುತ್ತದೆ. ಕಾರ್ಡು ಉಜ್ಜಿದ ಕ್ಷಣದ ದರಕ್ಕೆ ತಕ್ಕಷ್ಟು ಚಿನ್ನ ಖಾತೆಯಿಂದ ಇಳಿಯುತ್ತದೆ. ಚಿನ್ನದ ಉಳಿತಾಯವನ್ನು ಸಲೀಸಾಗಿ ಬಳಸುವ ಅನುಕೂಲ ಇದು. ಅದನ್ನು ಒಳ್ಳೆಯ ಸೇವೆ ಎನ್ನಬಹುದು, ಹೊಸ ಹಣ ಎನ್ನಲಾಗದು.

ಭಯ ಸುಳ್ಳಲ್ಲ, ಆದರೆ ಮದ್ದು ಇದಲ್ಲ

ಈ ಕಾನೂನುಗಳನ್ನು ಬೆಂಬಲಿಸುವವರನ್ನು ಹುಚ್ಚರೆಂದು ತಳ್ಳಿಹಾಕುವುದು ತಪ್ಪು. 1913ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಹುಟ್ಟಿದಾಗ 1 ಡಾಲರಿಗೆ ಸಿಗುತ್ತಿದ್ದ ಸರಕಿಗೆ ಇಂದು 30 ಡಾಲರಿಗೂ ಹೆಚ್ಚು ಬೇಕು. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1ಕ್ಕೆ ಏರಿ ನಾಲ್ಕು ದಶಕಗಳ ದಾಖಲೆ ಮುರಿಯಿತು. ಕೇಂದ್ರ ಸರ್ಕಾರದ ಸಾಲ 2025ರಲ್ಲಿ 37 ಲಕ್ಷ ಕೋಟಿ ಡಾಲರ್ ದಾಟಿತು. ಸಂಬಳ ಏರುವ ವೇಗಕ್ಕಿಂತ ದಿನಸಿ ಬೆಲೆ ಏರುವ ವೇಗ ಹೆಚ್ಚಾದ ಮನೆಯಲ್ಲಿ ಕೂತವರಿಗೆ, ಸರ್ಕಾರ ಅಚ್ಚು ಹಾಕಲಾಗದ ವಸ್ತುವಿನ ಮೇಲೆ ಕಣ್ಣು ಹೋಗುವುದು ಸಹಜ. ಆ ಆತಂಕವನ್ನು ನಾನು ಗೌರವಿಸುತ್ತೇನೆ.

ಆದರೆ ಹಣಕ್ಕೆ ಎರಡು ಕೆಲಸಗಳಿವೆ. ಒಂದು, ದೂರದ ಭವಿಷ್ಯಕ್ಕೆ ಮೌಲ್ಯವನ್ನು ಕಾಯ್ದಿಡುವುದು. ಇನ್ನೊಂದು, ಇಂದಿನ ಕೂಲಿ, ಬಾಡಿಗೆ, ಸಾಲಗಳಿಗೆ ಒಂದೇ ಅಳತೆಗೋಲಾಗುವುದು. ಮೊದಲನೆಯದನ್ನು ಚಿನ್ನ ಒಮ್ಮೊಮ್ಮೆ ಚೆನ್ನಾಗಿ ಮಾಡುತ್ತದೆ. ಎರಡನೆಯದರಲ್ಲಿ ಸೋಲುತ್ತದೆ. ಲೆಕ್ಕ ಹಾಕಿ ನೋಡಿ. 2015ರ ಕೊನೆಯಲ್ಲಿ ಚಿನ್ನದ ದರ ಔನ್ಸ್‌ಗೆ 1,100 ಡಾಲರಿನ ಒಳಗಿತ್ತು. ಆಗ ಒಬ್ಬರು 100 ಔನ್ಸ್ ಚಿನ್ನದ ಲೆಕ್ಕದಲ್ಲಿ ಮನೆ ಸಾಲ ಮಾಡಿದ್ದರೆ ಅದು ಸುಮಾರು 1.1 ಲಕ್ಷ ಡಾಲರ್. 2025ರ ಕೊನೆಗೆ ಅದೇ 100 ಔನ್ಸ್ ತೀರಿಸಲು 4 ಲಕ್ಷ ಡಾಲರಿಗೂ ಹೆಚ್ಚು ಬೇಕಿತ್ತು. ಸಂಬಳ ಡಾಲರಿನಲ್ಲಿ, ಸಾಲ ಚಿನ್ನದಲ್ಲಿ ಇದ್ದ ಕುಟುಂಬ ಬೀದಿಗೆ ಬೀಳುತ್ತಿತ್ತು. ತಿರುಗಿಸಿಯೂ ನೋಡಬಹುದು. 1980ರ ಜನವರಿಯಲ್ಲಿ ಚಿನ್ನ 850 ಡಾಲರ್ ಮುಟ್ಟಿತ್ತು. 1999ರಲ್ಲಿ 255 ಡಾಲರಿಗೂ ಕೆಳಗೆ ಇಳಿಯಿತು. ಆ ಎತ್ತರದಲ್ಲಿ ಚಿನ್ನ ಸಾಲ ಕೊಟ್ಟು 19 ವರ್ಷದ ನಂತರ ಅಷ್ಟೇ ಚಿನ್ನ ಮರಳಿ ಪಡೆದವನು ಮುಳುಗಿರುತ್ತಿದ್ದ. ಬೆಳ್ಳಿಯ ಏರಿಳಿತ ಇನ್ನೂ ತೀವ್ರ: 1980ರಲ್ಲೂ 2011ರಲ್ಲೂ ಔನ್ಸ್‌ಗೆ 50 ಡಾಲರ್ ಸಮೀಪಕ್ಕೆ ಹೋಗಿ, ಎರಡೂ ಸಲ ಕುಸಿದು ಬಿತ್ತು.

ಇದು ಬರೀ ಊಹೆಯ ಲೆಕ್ಕವಲ್ಲ, ಅಮೆರಿಕ ಅನುಭವಿಸಿದ ಕಷ್ಟ. 1873ರ ಕಾನೂನು ಬೆಳ್ಳಿ ಡಾಲರ್ ಟಂಕಿಸುವುದನ್ನು ಕೈಬಿಟ್ಟ ಮೇಲೆ ದೇಶ ಚಿನ್ನದ ಕಡೆಗೆ ವಾಲಿತು. ಸಾಕಷ್ಟು ಚಿನ್ನ ಸಿಗದೆ ಎರಡು ದಶಕ ಬೆಲೆಗಳು ಇಳಿಯುತ್ತಲೇ ಹೋದವು. ಗೋಧಿ, ಹತ್ತಿ ಬೆಳೆದವರಿಗೆ ಪ್ರತಿ ವರ್ಷ ಕಡಿಮೆ ದುಡ್ಡು, ಸಾಲ ಮಾತ್ರ ಅಷ್ಟೇ. ಆ ರೈತರ ಸಿಟ್ಟಿಗೆ ದನಿಯಾದವರು ವಿಲಿಯಂ ಜೆನ್ನಿಂಗ್ಸ್ ಬ್ರಯನ್. 1896ರ ಜುಲೈನಲ್ಲಿ ಷಿಕಾಗೊದ ಡೆಮಾಕ್ರಟಿಕ್ ಸಮಾವೇಶದಲ್ಲಿ, ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಎಂಬ ಅರ್ಥದ ಭಾಷಣ ಮಾಡಿ ಅವರು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ಬೆಳ್ಳಿಯನ್ನೂ 16ಕ್ಕೆ 1ರ ಲೆಕ್ಕದಲ್ಲಿ ಟಂಕಿಸಿ ಎಂಬುದು ಬೇಡಿಕೆ. ಚುನಾವಣೆಯಲ್ಲಿ ವಿಲಿಯಂ ಮೆಕಿನ್ಲಿ ಎದುರು ಸೋತರು. 1900ರಲ್ಲಿ ಚಿನ್ನದ ಪ್ರಮಾಣವೇ ಕಾನೂನಾಯಿತು.

ರೋಡ್ ಐಲೆಂಡ್‌ನಲ್ಲಿ ಕಾಗದ ಸಾಲ ಕೊಟ್ಟವರನ್ನು ಸುಲಿಯಿತು. ನೂರು ವರ್ಷದ ಮೇಲೆ ಚಿನ್ನ ಸಾಲ ಪಡೆದವರನ್ನು ಹಿಂಡಿತು. ಹಣ ಯಾವ ವಸ್ತುವಿನಿಂದ ಆಗಿದೆ ಎಂಬುದರಲ್ಲಿ ನ್ಯಾಯ ಅಡಗಿಲ್ಲ. ಅದರ ಮೌಲ್ಯ ಸ್ಥಿರವಾಗಿದೆಯೇ, ಅದನ್ನು ನಿರ್ವಹಿಸುವವರು ಜನರಿಗೆ ಉತ್ತರ ಕೊಡುತ್ತಾರೆಯೇ ಎಂಬುದರಲ್ಲಿದೆ.

ನಮ್ಮ ರಾಜ್ಯ ಹೀಗೆ ಮಾಡಬಹುದೇ?

ಕರ್ನಾಟಕದ ವಿಧಾನಸಭೆ ಇಂಥ ಕಾನೂನು ಮಾಡಲು ಸಾಧ್ಯವಿಲ್ಲ. ನಮ್ಮ ಸಂವಿಧಾನದ 7ನೇ ಪರಿಚ್ಛೇದದ ಕೇಂದ್ರ ಪಟ್ಟಿಯ 36ನೇ ಬಾಬ್ತು ಕರೆನ್ಸಿ, ನಾಣ್ಯ, ಕಾನೂನುಮಾನ್ಯ ಹಣ, ವಿದೇಶಿ ವಿನಿಮಯವನ್ನು ಪೂರ್ತಿಯಾಗಿ ಸಂಸತ್ತಿಗೆ ಬಿಟ್ಟಿದೆ. ನೋಟಿನ ಮಾನ್ಯತೆ 1934ರ ರಿಸರ್ವ್ ಬ್ಯಾಂಕ್ ಕಾನೂನಿನಿಂದ, ನಾಣ್ಯದ ಮಾನ್ಯತೆ 2011ರ ನಾಣ್ಯ ಕಾನೂನಿನಿಂದ ಬರುತ್ತದೆ. ನಾಣ್ಯಕ್ಕೆ ಮಿತಿಯೂ ಉಂಟು: 1 ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ 1,000 ರೂಪಾಯಿವರೆಗೆ ಮಾತ್ರ ಬಾಕಿ ತೀರಿಸುವ ಹಕ್ಕಿದೆ.

ಒಂದೇ ನಾಡಿನಲ್ಲಿ ಎರಡು ಹಣ ಇದ್ದರೆ ಹೇಗಿರುತ್ತದೆ ಎಂಬುದನ್ನು ಕಲ್ಯಾಣ ಕರ್ನಾಟಕದ ಹಿರಿಯರು ಕಂಡಿದ್ದಾರೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮನ ಆಳ್ವಿಕೆಯಲ್ಲಿದ್ದಾಗ ಹಾಲಿ ಸಿಕ್ಕಾ ಎಂಬ ಅವನದೇ ಹಣ ನಡೆಯುತ್ತಿತ್ತು. ಗಡಿ ದಾಟಿ ಸೊಲ್ಲಾಪುರಕ್ಕೋ ಬಳ್ಳಾರಿಗೋ ಹೋದರೆ ಬ್ರಿಟಿಷ್ ರೂಪಾಯಿಗೆ ಬದಲಿಸಿಕೊಳ್ಳಬೇಕಿತ್ತು, ಬದಲಿಸುವವನಿಗೆ ಬಟ್ಟಾ, ಅಂದರೆ ವಿನಿಮಯದ ಕಮಿಷನ್, ಕೊಡಬೇಕಿತ್ತು. ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ, 1950ರ ದಶಕದಲ್ಲಿ ಆ ನಾಣ್ಯ ಚಲಾವಣೆಯಿಂದ ಮರೆಯಾಯಿತು.

ಚಿನ್ನ ಕೊಳ್ಳಬೇಡಿ ಎಂಬುದು ಈ ಬರಹದ ಸಲಹೆಯಲ್ಲ. ಉಳಿತಾಯದ ಒಂದು ಪಾಲು ಚಿನ್ನದಲ್ಲಿರುವುದು ನಮ್ಮ ಮನೆಗಳ ಹಳೆಯ ವಿವೇಕ. ಆದರೆ ಟೆಕ್ಸಾಸ್ ಅಥವಾ ಫ್ಲಾರಿಡಾದ ಕಾನೂನನ್ನು ತೋರಿಸಿ ‘ಡಾಲರ್ ಮುಗಿಯಿತು, ಎಲ್ಲವನ್ನೂ ಚಿನ್ನಕ್ಕೆ ಹಾಕಿ’ ಎನ್ನುವವರು ಎದುರಾದರೆ ಎರಡು ಪ್ರಶ್ನೆ ಕೇಳಿ. ಸಾಲ ಕೊಟ್ಟವನು ಈ ಚಿನ್ನವನ್ನು ಬೇಡವೆನ್ನಬಹುದೇ? ದರ ಬಿದ್ದ ದಿನ ನಷ್ಟ ಹೊರುವವರು ಯಾರು? ಮೊದಲನೆಯದಕ್ಕೆ ಆ ಕಾನೂನುಗಳೇ ‘ಬೇಡವೆನ್ನಬಹುದು’ ಎಂದು ಉತ್ತರಿಸುತ್ತವೆ. ಎರಡನೆಯದಕ್ಕೆ ಉತ್ತರ, ಚಿನ್ನ ಹಿಡಿದವರೇ. ಹಣದ ಮೌಲ್ಯ ಉಳಿಯಬೇಕಾದರೆ ಸಾಲ ಮಾಡುವ ಸರ್ಕಾರವನ್ನೂ ಹಣ ಹೊರಡಿಸುವ ಬ್ಯಾಂಕನ್ನೂ ಜನ ಲೆಕ್ಕ ಕೇಳಬೇಕು. ಆ ಕೆಲಸವನ್ನು ಯಾವ ಲೋಹವೂ ನಮ್ಮ ಪರವಾಗಿ ಮಾಡಿಕೊಡದು.